ಪೈಲಟ್ ಸಾರ್ ಬರೆಸಿದ ಹನ್ನೊಂದನೆಯ ಅಧ್ಯಾಯ

ಮೊನ್ನೆ ನಾನು ಬದುಕಿದ್ದೇನೆಂದು ರುಜುವಾತು ಮಾಡಿಕೊಡಲು ಸಾಗರಕ್ಕೆ ಹೋಗಿದ್ದೆ. ಪಿಂಚಣಿದಾರರಿಗೆ ವರ್ಷಕ್ಕೊಮ್ಮೆ ಈ ಕೆಲಸವಿರುತ್ತದೆ. ಹಿಂದೆಲ್ಲ ಯಾರಾದರೂ ಅಧಿಕಾರಿ ನಮ್ಮ ಮುಖ ನೋಡಿ, ಹೌದು, ಬದುಕಿದ್ದಾಳೆ ಎಂದು ಸಹಿ ಹಾಕಿದರೆ ಸಾಕಿತ್ತು. ಈಗ ಮುಖವನ್ನು ಯಾರೂ ನಂಬುವುದಿಲ್ಲ, ಬೆರಳನ್ನು ಯಂತ್ರದ ಮೇಲಿಡಬೇಕು. ಇಟ್ಟೆ. ಕೆಂಪು ದೀಪ ಹತ್ತಿತು. ಇನ್ನೊಂದು ಬೆರಳಿಟ್ಟೆ. ಮತ್ತೆ ಕೆಂಪು. ಕೌಂಟರಿನ ಹೆಂಗಸು ನನ್ನ ಕೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಬೆರಳನ್ನು ಒತ್ತಿ ನೋಡಿ, “ಸವೆದುಹೋಗಿದೆ ಅಮ್ಮಾ, ಬೆರಳಚ್ಚೇ ಬರ್ತಿಲ್ಲ” ಅಂದಳು.

ನನಗೆ ನಗು ಬಂತು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಬೆರಳಚ್ಚುಗಾರ್ತಿ ಎಂಬ ಹುದ್ದೆಯಲ್ಲಿದ್ದವಳಿಗೆ ಬೆರಳಚ್ಚೇ ಇಲ್ಲ! ಪಕ್ಕದಲ್ಲಿ ಕಾಯುತ್ತಿದ್ದವರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. ವಯಸ್ಸಾದವರ ತಮಾಷೆಗಳ ಗತಿ ಇಷ್ಟೇ. ಆದರೆ ಬೆಂಚಿನ ಮೇಲೆ ಕೂತು ನನ್ನ ಸರದಿ ಮತ್ತೆ ಬರುವುದನ್ನು ಕಾಯುವಾಗ, ಬೆರಳಚ್ಚಿಲ್ಲದ ಇನ್ನೊಂದು ಜೊತೆ ಕೈ ಕಣ್ಣಮುಂದೆ ಬಂತು. ಆಮೇಲೆ ನನ್ನ ನಗುವೂ ಹೋಯಿತು.

ಆ ಕೈಗಳು ಸ್ಕ್ವಾಡ್ರನ್ ಲೀಡರ್ ದಿವಾಕರ ಅವರದ್ದು. ಯುದ್ಧವಿಮಾನದ ಪೈಲಟ್. ಹೊಸನಗರದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಪೈಲಟ್ ಸಾರ್’ ಎಂದು. ನಾನು ಅವರನ್ನು ನೋಡಿದಾಗ ಅವರು ವಿಮಾನ ಹತ್ತದೆ ಏಳು ವರ್ಷ ಆಗಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ದಿನಗಳವು. ನಾನು ಹೊಸನಗರದಿಂದ ದಿನಾ ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ಟೈಪಿಂಗ್ ಕಲಿಯುತ್ತಿದ್ದೆ. ಇಂಗ್ಲಿಷ್ ಯಂತ್ರಗಳ ಮುಂದೆ ಕ್ಯೂ ಇರುತ್ತಿತ್ತು. ಮೂಲೆಯಲ್ಲಿದ್ದ ಒಂದೇ ಒಂದು ಕನ್ನಡ ಯಂತ್ರ ಯಾರಿಗೂ ಬೇಡವಾಗಿತ್ತು. ಕ್ಯೂನಲ್ಲಿ ನಿಲ್ಲುವ ತಾಳ್ಮೆ ಇಲ್ಲದೆ ನಾನು ಅದನ್ನು ಹಿಡಿದೆ. ಇದನ್ನೇ ಮುಂದೆ ಸಂದರ್ಶನದಲ್ಲಿ ‘ಭಾಷಾಭಿಮಾನದಿಂದ’ ಎಂದು ಹೇಳಿ ಕೆಲಸ ಗಿಟ್ಟಿಸಿದೆ, ಅದು ಬೇರೆ ಮಾತು. ಒಂದು ದಿನ ನಮ್ಮ ಟೈಪಿಂಗ್ ಮಾಸ್ತರರನ್ನು ಹುಡುಕಿಕೊಂಡು ಒಬ್ಬರು ಹೆಂಗಸು ಬಂದರು. ಹೊಸನಗರದ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದ ಸುಶೀಲಕ್ಕ, ಪೈಲಟ್ ಸಾರ್ ಅವರ ಅಕ್ಕ. ಮದುವೆಯಾಗಿರಲಿಲ್ಲ. ತಮ್ಮ ತನ್ನ ಅನುಭವಗಳ ಪುಸ್ತಕ ಬರೆಯಬೇಕು ಅಂತಾನೆ, ಕೈಲಿ ಪೆನ್ನು ಹಿಡಿಯಲು ಆಗುವುದಿಲ್ಲ, ಹೇಳಿದ್ದನ್ನು ಕನ್ನಡದಲ್ಲಿ ಟೈಪ್ ಮಾಡುವವರು ಬೇಕು ಎಂದರು. ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ತೋರಿಸಲು ಬೇರೆ ಯಾರೂ ಇರಲಿಲ್ಲ.

ಮನೆಯಲ್ಲಿ ಹೇಳಿದಾಗ ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅವಂಗೆ ಮಖಾನೇ ಇಲ್ಯಡ, ಹೌದನೇ?”

ಮುಖ ಇತ್ತು. ಒಳ್ಳೆಯ ಮುಖವೇ ಇತ್ತು. ಎಡಗಿವಿಯೂ ಕುತ್ತಿಗೆಯೂ ಸುಟ್ಟು ಮಡಿಕೆ ಬಿದ್ದಿದ್ದವು, ಅಷ್ಟೇ. ಸೊಂಟದಿಂದ ಕೆಳಗೆ ಜೀವವಿರಲಿಲ್ಲ. ಕೈಬೆರಳುಗಳು ಒಂದಕ್ಕೊಂದು ಅಂಟಿ, ಚರ್ಮ ಹೊಳಪಾಗಿ ಬಿಗಿದುಕೊಂಡಿತ್ತು. ಒಂದೇ ಒಂದು ಗೆರೆ ಇರಲಿಲ್ಲ. ಕಾಫಿ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಿದ್ದರು. ಚೆಲ್ಲುತ್ತಿರಲಿಲ್ಲ. ಚೆಲ್ಲುತ್ತದೆಂದು ಯಾರಾದರೂ ಕೈಚಾಚಿದರೆ ಮಾತ್ರ ರೇಗುತ್ತಿದ್ದರು.

ಅವರ ಹಿರಿಯರ ಮನೆ ಮೇಗರವಳ್ಳಿ ಕಡೆಯದು. ಆಸ್ಪತ್ರೆಗಳಲ್ಲಿ ಎರಡು ವರ್ಷ ಕಳೆದು ಅಲ್ಲಿಗೇ ಬಂದರಂತೆ. ಬಂದ ವಾರದಲ್ಲೇ ಗೊತ್ತಾಯಿತಂತೆ, ನಮ್ಮ ಕಡೆಯ ಮನೆಗಳಲ್ಲಿ ಗಾಲಿಕುರ್ಚಿ ಓಡುವುದಿಲ್ಲ ಅಂತ. ಜಗುಲಿಯಿಂದ ನಡುಮನೆಗೆ ಒಂದು ಹೊಸಿಲು, ಅಲ್ಲಿಂದ ಅಡುಗೆಮನೆಗೆ ಒಂದು, ಬಚ್ಚಲಿಗೆ ಎರಡು ಮೆಟ್ಟಿಲು. ಪ್ರತಿ ಹೊಸಿಲಿಗೂ ಇಬ್ಬರು ಬಂದು ಎತ್ತಬೇಕು. “ನಾನೇನು ಉತ್ಸವಮೂರ್ತಿಯೇನ್ರೀ?” ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕೊನೆಗೆ ಸುಶೀಲಕ್ಕ ಹೊಸನಗರದಲ್ಲಿ ಮುಚ್ಚಿದ ಅಕ್ಕಿ ಗಿರಣಿಯೊಂದರ ಗೋದಾಮನ್ನು ಬಾಡಿಗೆಗೆ ಹಿಡಿದರು. ಈ ಮೂಲೆಯಿಂದ ಆ ಮೂಲೆಗೆ ಒಂದೇ ಸಮನೆ ಸಿಮೆಂಟಿನ ನೆಲ. ಹೊಸಿಲೇ ಇಲ್ಲ. ನಡುವೆ ಬಟ್ಟೆಯ ಪರದೆ ಕಟ್ಟಿ ಅದನ್ನೇ ಮನೆ ಮಾಡಿಕೊಂಡರು. ತೌಡಿನ ವಾಸನೆ ಹೋಗಿರಲಿಲ್ಲ. ಬೇಸಿಗೆಯಲ್ಲಿ ಮಾಡಿನ ತಗಡು ಕಾದು ಕೂರಲಾಗುತ್ತಿರಲಿಲ್ಲ.

ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನನ್ನ ಕೆಲಸ. ಯಾರಿಗೂ ಬೇಡವಾಗಿದ್ದ ಆ ಕನ್ನಡ ಯಂತ್ರವನ್ನೇ ಸುಶೀಲಕ್ಕ ಮಾಸ್ತರರಿಂದ ಬಾಡಿಗೆಗೆ ತಂದಿದ್ದರು. ಅವರು ಹೇಳುತ್ತಾ ಹೋಗುತ್ತಿದ್ದರು, ನಾನು ಕುಟ್ಟುತ್ತಾ ಹೋಗುತ್ತಿದ್ದೆ. ನಾನು ಆಗ ವಿಮಾನವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ‘ಲ್ಯಾಂಡಿಂಗ್ ಗೇರು’ ಎಂದಾಗ ಇದ್ಯಾವ ಜಾತಿಯ ಗೇರುಬೀಜ ಎಂದು ಯೋಚಿಸಿದವಳು ನಾನು. ಕೇಳಲು ನಾಚಿಕೆ. ಅಪಾಯದಲ್ಲಿ ಪೈಲಟ್ಟನ್ನು ಕುರ್ಚಿ ಸಮೇತ ಹೊರಕ್ಕೆ ಎಸೆಯುವ ವ್ಯವಸ್ಥೆ ಇರುತ್ತದಲ್ಲ, ಎಜೆಕ್ಷನ್ ಸೀಟು, ಅದನ್ನು ಮೊದಲ ಮೂರು ಅಧ್ಯಾಯಗಳ ಉದ್ದಕ್ಕೂ ‘ಇಂಜೆಕ್ಷನ್ ಸೀಟು’ ಎಂದೇ ಟೈಪ್ ಮಾಡಿದ್ದೆ. ಅದನ್ನು ಓದಿ ಹೇಳಿದ ದಿನ ಪೈಲಟ್ ಸಾರ್ ನಕ್ಕರು. ನಕ್ಕು ನಕ್ಕು ಕೆಮ್ಮಿದರು. ಪರದೆಯಾಚೆಯಿಂದ ಸುಶೀಲಕ್ಕ ಗಾಬರಿಯಾಗಿ ಓಡಿಬಂದರು, ಆ ಮನೆಯಲ್ಲಿ ಆ ಸದ್ದು ಅಷ್ಟು ಅಪರೂಪವಾಗಿತ್ತು.

ಉಳಿದಂತೆ ಅವರು ಸಿಡುಕರು. ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಒಮ್ಮೆ ವಾಸಿಯಾದರೆ ಇನ್ನೊಮ್ಮೆ ಬಿರಿಯುತ್ತಿತ್ತು. ಮೂತ್ರದ ಸೋಂಕಿನಿಂದ ತಿಂಗಳಿಗೊಮ್ಮೆ ಚಳಿಜ್ವರ. ಅಂಥ ದಿನಗಳಲ್ಲಿ ನನ್ನನ್ನು ಕೂರಿಸಿಕೊಂಡು ಒಂದು ವಾಕ್ಯವನ್ನೂ ಹೇಳದೆ ಮೂರು ಗಂಟೆ ಗೋಡೆ ನೋಡುತ್ತಿದ್ದರು. “ಬರೀರಿ” ಎನ್ನುತ್ತಿದ್ದರು. ಬೆರಳು ಯಂತ್ರದ ಮೇಲಿಟ್ಟು ಕಾಯುತ್ತಿದ್ದೆ. ಒಂದು ಗಂಟೆಗೆ “ಸಾಕು, ಹೋಗಿ” ಎನ್ನುತ್ತಿದ್ದರು.

ಹತ್ತು ಅಧ್ಯಾಯಗಳು ಹೀಗೇ ಆದವು. ಶಾಲೆ, ತರಬೇತಿ, ಮೊದಲ ಸಲ ಒಬ್ಬರೇ ಹಾರಿದ್ದು, ಯುದ್ಧ. ಹನ್ನೊಂದನೆಯದು ಅಪಘಾತದ್ದು. ಅದಕ್ಕೆ ಬಂದು ಎರಡು ತಿಂಗಳು ನಿಂತರು.

ಅಷ್ಟರಲ್ಲಿ ಒಂದು ದಿನ, ಎಲ್ಲಾದರೂ ದೊಡ್ಡ ನೀರು ನೋಡಬೇಕು ಎಂದರು. ಸುಶೀಲಕ್ಕನ ಶಾಲೆಯ ಹೆಡ್‌ಮಾಸ್ಟರರ ಜೀಪಿನಲ್ಲಿ ಅಣೆಕಟ್ಟಿನ ಹಿನ್ನೀರಿನ ದಡದ ಹೊನ್ನೆಮರಡಿಗೆ ಹೋದೆವು. ನನ್ನನ್ನೂ ಕರೆದಿದ್ದರು. ಜೀಪು ನೀರಂಚಿಗೆ ನಿಂತಿತು. ನನ್ನ ಅಜ್ಜಿಮನೆ ಆ ಹಿನ್ನೀರಿನಡಿ ಎಲ್ಲೋ ಇತ್ತು, ನಾನು ಚಿಕ್ಕವಳಿದ್ದಾಗ ಮುಳುಗಿದ್ದು. “ಎಲ್ಲಿ?” ಎಂದು ಕೇಳಿದರು. ನಾನು ಕೈ ತೋರಿಸಿದೆ. ನಿಜವಾಗಿ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಸುಮ್ಮನೆ ಒಂದು ದಿಕ್ಕಿಗೆ ತೋರಿಸಿದೆ. ಅವರು ಆ ಕಡೆಗೇ ಬಹಳ ಹೊತ್ತು ನೋಡಿದರು. ಆಮೇಲೆ, “ನಾಳೆ ಬೇಗ ಬರ್ತೀರಾ?” ಎಂದರು.

ಮಾರನೆಯ ದಿನ ಕಾಗದ ಏರಿಸುವುದಕ್ಕೂ ಬಿಡದೆ ಶುರುಮಾಡಿದರು. ನಿಲ್ಲಿಸದೆ, ತಿದ್ದದೆ ಹೇಳಿದರು.

ಅದು ಎರಡು ಸೀಟಿನ ತರಬೇತಿ ಜೆಟ್. ಮುಂದೆ ಕಲಿಯುವವ, ಹಿಂದೆ ಇವರು. ಕಲಿಯುತ್ತಿದ್ದವ ಧಾರವಾಡದ ಕಡೆಯ ಹುಡುಗ, ಇಪ್ಪತ್ತೆರಡು ವರ್ಷದ ಅಧಿಕಾರಿ. ಇಬ್ಬರಿಗೂ ಕನ್ನಡ ಬರುತ್ತಿದ್ದುದರಿಂದ, ಹಾರುವಾಗ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದೆಂಬ ನಿಯಮವನ್ನು ಕದ್ದು ಮುರಿಯುತ್ತಿದ್ದರಂತೆ. ಅವತ್ತು ತಗ್ಗಿನಲ್ಲಿ ಹಾರುವ ಪಾಠ. ಆ ಹುಡುಗ, “ಸಾರ್, ಕೆರ್‍ಯಾಗ ಎಮ್ಮಿ ಮಲಗ್ಯಾವ ನೋಡ್ರಿ” ಎಂದು ನಕ್ಕನಂತೆ. ಮರುಗಳಿಗೆ ಹದ್ದೊಂದು ಎಂಜಿನ್ನಿಗೆ ಬಡಿಯಿತು. ಬೆಂಕಿ ಹಿಂದಿನ ಸೀಟಿನವರೆಗೆ ಬಂತು. ಸೆಕೆಯೆಂದು ಇವರು ಕೈಗವಸು ತೆಗೆದಿಟ್ಟಿದ್ದರು. ಹೊರಕ್ಕೆ ಹಾರುವ ಮೊದಲು ಹಿರಿಯನಾದವನು ‘ಎಜೆಕ್ಟ್’ ಎಂದು ಮೂರು ಸಲ ಕೂಗಬೇಕು, ಕೇಳಿದೊಡನೆ ಇಬ್ಬರೂ ಸೀಟಿನ ಹಿಡಿ ಎಳೆಯಬೇಕು.

ಆಮೇಲಿನ ವಾಕ್ಯಗಳು ಇವು: ‘ನಾನು ಕೂಗಲಿಲ್ಲ. ಒಂದು ಸಲವೂ ಕೂಗಲಿಲ್ಲ. ನನ್ನ ಕೈ ಹಿಡಿಯನ್ನು ಎಳೆದುಬಿಟ್ಟಿತ್ತು. ಆಜ್ಞೆಯಿಲ್ಲದೆ ಹಿಡಿ ಮುಟ್ಟಬಾರದೆಂದು ನಾನೇ ಅವನಿಗೆ ಕಲಿಸಿದ್ದೆ. ಅವನು ಕಾಯುತ್ತಿದ್ದ.’

ನಾನು ಟೈಪ್ ಮಾಡಿದೆ. ಪೂರ್ಣವಿರಾಮ ಒತ್ತಿದ ಮೇಲೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಅವತ್ತು ಶಾಲೆಗೆ ರಜೆ. ಪರದೆ ಸರಿಸಿ ಸುಶೀಲಕ್ಕ ನಿಂತಿದ್ದರು.

“ಎಂತ ಬರೆಸ್ತಾ ಇದೀಯ ನೀನು? ವಿಚಾರಣೇಲಿ ಮೂರು ಸಲ ಕೂಗಿದೆ ಅಂತ ಹೇಳಿಕೆ ಕೊಟ್ಟಿದೀಯಲ್ಲ.”

“ಕೊಟ್ಟಿದೀನಿ.”

“ಜನ ನಿನ್ನ ಹೀರೋ ಅಂತಾರೆ. ಶಾಲೆ ಮಕ್ಕಳು ನಿನ್ನ ಫೋಟೋ ಇಟ್ಕಂಡಿದಾವೆ. ಇಷ್ಟು ವರ್ಷ ನಾನು ಯಾರ ಹೇಲು ಉಚ್ಚೆ ಬಾಚಿದ್ದು ಹಂಗಾದ್ರೆ?”

ಆ ಮಾತು ಆಡಿದ್ದಕ್ಕೆ ಅವರೇ ಬೆಚ್ಚಿ ಬಾಯಿಗೆ ಸೆರಗು ಹಿಡಿದುಕೊಂಡರು. ಪೈಲಟ್ ಸಾರ್ ಯಂತ್ರದ ಕಡೆ ಮಣಿಕಟ್ಟು ತೋರಿಸಿ, “ಆ ಹಾಳೆ ಹರೀರಿ” ಎಂದರು ನನಗೆ. ಹರಿದೆ. ಕಾರ್ಬನ್ ಪ್ರತಿಯನ್ನೂ ಹರಿದೆ. ಮಾರನೆಯ ದಿನ ಹೊಸ ಹನ್ನೊಂದನೆಯ ಅಧ್ಯಾಯ ಬರೆಸಿದರು. ಅದರಲ್ಲಿ, ‘ಮೂರು ಸಲ ಕೂಗಿದೆ. ಉತ್ತರ ಬರಲಿಲ್ಲ’ ಎಂದಿತ್ತು.

ಒಂದು ತಿಂಗಳ ಮೇಲೆ ಆ ಹುಡುಗನ ತಾಯಿ ಬಂದರು. ಪುಸ್ತಕದ ಸುದ್ದಿ ಯಾರಿಂದಲೋ ಕೇಳಿ, ಮಗನ ಬಗ್ಗೆ ಬರೆದದ್ದನ್ನು ಒಮ್ಮೆ ಕೇಳಬೇಕೆಂದು ಮೊದಲೇ ಕಾಗದ ಹಾಕಿದ್ದರು. ಧಾರವಾಡದಿಂದ ಸಾಗರ, ಸಾಗರದಿಂದ ಹೊಸನಗರ. ಸಣಕಲು ಜೀವ, ಇಳಕಲ್ ಸೀರೆ, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಪೈಲಟ್ ಸಾರ್‌ಗೆಂದು ಪೇಢಾ ತಂದಿದ್ದರು.

ಓದುವ ಕೆಲಸ ನನ್ನದು. ಓದಿದೆ. ನನ್ನ ಧ್ವನಿ ಚೆನ್ನಾಗಿದೆ ಎಂದು ಶಾಲೆಯಲ್ಲಿ ಬಹುಮಾನ ಬಂದಿತ್ತು. ಆ ಧ್ವನಿಯಲ್ಲೇ ಓದಿದೆ. ಮೂರು ಸಲ ಕೂಗಿದೆ, ಉತ್ತರ ಬರಲಿಲ್ಲ.

ತಾಯಿ ಅಳಲಿಲ್ಲ. ಮಡಿಲಲ್ಲಿ ಕೈ ಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ ಹೇಳಿದರು:

“ಮನ್ಯಾಗ ಒಂದ ಸಲ ಕರದ್ರ ಓ ಅಂತಿದ್ದ ನೋಡ್ರಿ ನನ್ನ ಮಗ. ಮೂರ ಸಲ ಕರದ್ರೂ ಓ ಅನ್ನಲಿಲ್ಲ ಅಂದ್ರ, ಎಷ್ಟ ಹೆದರಿರಬೇಕು ಅಂವಾ. ನನಗ ಅದ ಒಂದ ಸಂಕಟ. ಸತ್ತದ್ದಕ್ಕಿಂತಾ, ಹೆದರಿ ಸತ್ತ ಅಂಬೋದು.”

ಪೈಲಟ್ ಸಾರ್ ನನ್ನ ಕಡೆ ನೋಡಿದರು. ನಾನು ಕಾಗದದ ಕಡೆ ನೋಡಿದೆ. ಸುಶೀಲಕ್ಕ ಕಾಫಿ ತರುತ್ತೇನೆಂದು ಎದ್ದರು.

ಮಧ್ಯಾಹ್ನದ ಬಸ್ಸಿಗೆ ಆ ತಾಯಿಯನ್ನು ಹತ್ತಿಸಲು ನಾನೇ ಹೋದೆ. ಅರ್ಧ ಮೈಲಿ ಹಾದಿ. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಅವರು ನನ್ನ ಮದುವೆ ವಿಷಯ ಕೇಳಿದರು, ನಾನು ಉತ್ತರ ಕೊಟ್ಟೆ. ಬಸ್ಸು ಬಂತು. ಕಿಟಕಿಯಿಂದ ಕೈ ಹೊರಗೆ ಹಾಕಿ, “ಛಂದ ಓದಿದಿ ಬಿಡವಾ” ಎಂದರು.

ನಾನು ಗೋದಾಮಿಗೆ ವಾಪಸು ಬಂದಾಗ ಪೈಲಟ್ ಸಾರ್ ಬಾಗಿಲಲ್ಲೇ ಕುರ್ಚಿ ನಿಲ್ಲಿಸಿಕೊಂಡಿದ್ದರು. ಸುಶೀಲಕ್ಕ ಇರಲಿಲ್ಲ.

“ಹೇಳಿದ್ರಾ?”

“ಎಂತದು ಸಾರ್?”

“ನಿಮಗೆ ಗೊತ್ತು ಎಂತದು ಅಂತ.”

“ಇಲ್ಲ ಸಾರ್.”

“ಯಾಕೆ ಹೇಳ್ಲಿಲ್ಲ?” ಮಣಿಕಟ್ಟಿನಿಂದ ಕುರ್ಚಿಯ ತೋಳಿಗೆ ಬಡಿದರು. “ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ ನಾನು.”

ನನಗೆ ಸಿಟ್ಟು ಬಂತು. ಇಪ್ಪತ್ತೊಂದು ವರ್ಷದ ಹುಡುಗಿಗೆ ಬರುವಂಥ ಸಿಟ್ಟು. “ನೀವು ಕೂಗದಿದ್ದನ್ನ ನಾನ್ಯಾಕೆ ಹೋಗಿ ಹೇಳ್ಲಿ?” ಎಂದುಬಿಟ್ಟೆ. ಅವರು ಬೈಯಲಿಲ್ಲ. ಕುರ್ಚಿಯನ್ನು ಮಣಿಕಟ್ಟಿನಿಂದ ತಳ್ಳಿಕೊಂಡು ಮೇಜಿನ ಹತ್ತಿರ ಹೋದರು. “ಕಾಗದ ಏರ್ಸಿ” ಎಂದರು.

ಒಂದೂವರೆ ಪುಟದ ಪತ್ರ. ಹರಿದ ಹಾಳೆಯಲ್ಲಿದ್ದುದೇ, ಇನ್ನೂ ಚಿಕ್ಕದಾಗಿ. ಎಮ್ಮೆಯ ಮಾತು ಅದರಲ್ಲಿ ಇರಲಿಲ್ಲ, ಮರೆತರೋ ಏನೋ. ಕೊನೆಗೆ, ‘ನಿಮ್ಮ ಮಗ ಹೆದರಿರಲಿಲ್ಲ. ನಾನು ಹೆದರಿದೆ’ ಎಂದು ಬರೆಸಿದರು. ಪೆನ್ನನ್ನು ಎರಡು ಮುಷ್ಟಿಗಳ ನಡುವೆ ಸಿಕ್ಕಿಸಿಕೊಂಡು ಸಹಿ ಹಾಕಿದರು. ಉತ್ತರ ಅಕ್ಕನ ಕೈಗೆ ಸಿಗಬಾರದೆಂದು ನನ್ನ ಮನೆಯ ವಿಳಾಸ ಹಾಕಿಸಿದರು.

ಆ ಪತ್ರ ಹಿಡಿದು ಹೊರಟವಳಿಗೆ ಗಿರಣಿಯ ಗೇಟಿನಲ್ಲೇ ಸುಶೀಲಕ್ಕ ಸಿಕ್ಕಿದರು. ನನ್ನ ಮುಖ ನೋಡಿ ಅವರಿಗೆ ಎಲ್ಲ ತಿಳಿಯಿತು. ಪತ್ರ ಕಿತ್ತುಕೊಳ್ಳಲಿಲ್ಲ, ಕೇಳಲೂ ಇಲ್ಲ. “ಹಾಕಬ್ಯಾಡ ಮಾರಾಯ್ತಿ. ಆಯಮ್ಮ ಪೇಪರಿಗೆ ಕೊಟ್ರೆ ಅವನು ಉಳಿಯಲ್ಲ” ಎಂದರು, ಅಷ್ಟೇ. ಅವರ ಕೈ ನನ್ನ ಭುಜದ ಮೇಲಿತ್ತು.

ಇಷ್ಟು ದೂರ ನನ್ನ ಜೊತೆ ಬಂದಿರುವ ನಿಮ್ಮಲ್ಲಿ ಇನ್ನು ಮುಚ್ಚಿಡುವುದೇನು? ಈ ಕಥೆಯನ್ನು ಮನೆಯವರಿಗೆ, ಸ್ನೇಹಿತೆಯರಿಗೆ ನಾನು ಹೇಳಿದ್ದುಂಟು. ಹೇಳುವಾಗೆಲ್ಲ ಪತ್ರವನ್ನು ಅವತ್ತೇ ಡಬ್ಬಿಗೆ ಹಾಕಿದೆ ಎಂದೇ ಹೇಳಿದ್ದೇನೆ. ಹಾಕಿರಲಿಲ್ಲ. ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಹತ್ತೊಂಬತ್ತು ದಿನ ಇಟ್ಟುಕೊಂಡಿದ್ದೆ. ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಪೈಲಟ್ ಸಾರ್ ಕೇಳುತ್ತಿದ್ದರು, “ಉತ್ತರ ಬಂತಾ?” ನಾನು “ಇನ್ನೂ ಇಲ್ಲ ಸಾರ್” ಎನ್ನುತ್ತಿದ್ದೆ. ಆ ದಿನಗಳಲ್ಲಿ ಅವರು ಒಂದು ಸಾಲನ್ನೂ ಬರೆಸಲಿಲ್ಲ. ಸಿಡುಕಲೂ ಇಲ್ಲ. ನಾನು ಹೋದಾಗ ಸ್ನಾನ ಮಾಡಿ, ತಲೆ ಬಾಚಿಸಿಕೊಂಡು ಕೂತಿರುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಇಪ್ಪತ್ತನೆಯ ದಿನ ಜ್ವರ ಏರಿ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಒಯ್ದರು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ಕಿಟಕಿಯಲ್ಲಿ ಬಗ್ಗಿದೆ. ಅದೇ ಪ್ರಶ್ನೆ. “ಬರ್ತದೆ ಸಾರ್” ಎಂದೆ. ಕಾರು ಹೋದ ಮೇಲೆ ಮನೆಗೆ ಓಡಿ, ಟ್ರಂಕು ತೆಗೆದು, ಸಿಕ್ಕ ಬಸ್ಸು ಹತ್ತಿ ಸಾಗರದ ದೊಡ್ಡ ಅಂಚೆ ಕಚೇರಿಯಲ್ಲಿ ಹಾಕಿಬಂದೆ. ಅಲ್ಲಿಂದಾದರೆ ಬೇಗ ಹೋಗುತ್ತದೆಂಬ ಆಸೆ.

ನಾನು ಪತ್ರ ಹಾಕಿದ ಒಂಬತ್ತನೆಯ ದಿನ ಅವರು ತೀರಿಕೊಂಡರು. ಉತ್ತರ ಹನ್ನೊಂದನೆಯ ದಿನ ನಮ್ಮ ಮನೆಗೆ ಬಂತು.

ನಾನು ಧಾರವಾಡಕ್ಕೆ ಒಂದು ಕಾರ್ಡು ಬರೆದೆ. ಪೈಲಟ್ ಸಾರ್ ತೀರಿಕೊಂಡರೆಂದು ಬರೆದು, ಅದರಡಿಯಲ್ಲಿ, ನಿಮ್ಮ ಮಗನ ಕೊನೆಯ ಮಾತು ನನಗೆ ಗೊತ್ತಿದೆ ಎಂದು ಆ ಎಮ್ಮೆಯ ಮಾತನ್ನು ಅವನ ಭಾಷೆಯಲ್ಲೇ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಪುಸ್ತಕ ಅಚ್ಚಾಗಲಿಲ್ಲ. ಹಾಳೆಗಳ ಕಟ್ಟನ್ನು ತೆಗೆದುಕೊಂಡು ಸುಶೀಲಕ್ಕ ತೀರ್ಥಹಳ್ಳಿಗೆ ವರ್ಗ ಮಾಡಿಸಿಕೊಂಡು ಹೋದರು. ಅವರಿಗೆ ನಾನು ಆ ತಾಯಿಯ ಪತ್ರ ತೋರಿಸಲಿಲ್ಲ. ಅವರು ತಡೆದರು ಎಂದು ಅವರ ಮೇಲೆ ಕೋಪವಿತ್ತೋ, ತಡೆದಾಗ ನಿಂತೆನಲ್ಲ ಎಂದು ನನ್ನ ಮೇಲೋ. ನಲವತ್ತು ವರ್ಷ ಕಳೆಯಿತು.

ಮೊನ್ನೆ ಕೌಂಟರಿನ ಹೆಂಗಸು ಕೊನೆಗೆ ನನ್ನ ಎಡಗೈ ಕಿರುಬೆರಳಿನಿಂದ ಕೆಲಸ ಸಾಧಿಸಿದಳು. ಬದುಕಿದ್ದೇನೆ ಎಂಬ ಚೀಟಿ ಬಂತು. ಮನೆಗೆ ಬಂದವಳು ಮಾರನೆಯ ಬೆಳಿಗ್ಗೆಯೇ ಆ ತಾಯಿಯ ಪತ್ರ ಹುಡುಕಿ ತೆಗೆದು ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ಸುಶೀಲಕ್ಕನಿಗೆ ಎಂಬತ್ತೇಳಂತೆ. ತುಂಗೆಯ ಕಡೆ ಹೋಗುವ ಬೀದಿಯಲ್ಲಿ ಹಳೆಯ ಶಿಷ್ಯೆಯೊಬ್ಬಳ ಮನೆಯ ಕೆಳಗಿನ ಕೋಣೆಯಲ್ಲಿದ್ದಾರೆ. ಕಣ್ಣು ಮಂಜು, ಕಿವಿ ಚುರುಕು. ನನ್ನ ಧ್ವನಿಯಿಂದಲೇ ಗುರುತಿಸಿದರು. ನಾನು ಪೀಠಿಕೆ ಹಾಕದೆ ಎಲ್ಲ ಹೇಳಿ, ಪತ್ರ ಓದಿದೆ.

‘ನಿಮ್ಮ ಪತ್ರ ಮುಟ್ಟಿತು. ನಿಮ್ಮನ್ನ ಕ್ಷಮಾ ಮಾಡೂದು ನನ್ನ ಕೈಲೆ ಆಗೂದಿಲ್ಲ. ಮಾಡೇನಿ ಅಂತ ಬರದ್ರ ಸುಳ್ಳ ಬರದ್ಹಂಗ ಆಗ್ತದ. ಆದ್ರ ನನ್ನ ಮಗ ಹೆದರಿರಲಿಲ್ಲ ಅಂತ ತಿಳೀತು. ಇನ್ನ ನಿಮ್ಮ ಮಾತ ನಂಬಬಹುದು. ಶ್ರಾವಣದಾಗ ಮತ್ತ ಬರ್ತೀನಿ. ಅವತ್ತ ಮುಂಜಾನೆ ಅಂವಾ ಏನ ತಿಂದಿದ್ದ, ಏನ ಮಾತಾಡಿದ, ಯಾವ ಅಂಗಿ ಹಾಕ್ಕೊಂಡಿದ್ದ, ಎಲ್ಲಾ ನೆನಪ ಮಾಡಿ ಇಟ್ಟಿರ್ರಿ. ಅದನ್ನ ಹೇಳಾವ್ರು ನಿಮ್ಮನ್ನ ಬಿಟ್ರ ನನಗ ಯಾರೂ ಇಲ್ಲ.’

ಸುಶೀಲಕ್ಕ ಮತ್ತೊಮ್ಮೆ ಓದು ಎಂದರು. ಓದಿದೆ.

“ಪೇಪರಿಗೆ ಕೊಡ್ತಾಳೆ ಅಂದಿದ್ದೆ ನಾನು” ಎಂದರು. ಹೊರಗೆ ಯಾರೋ ತೆಂಗಿನಕಾಯಿ ಸುಲಿಯುತ್ತಿದ್ದರು. ಅವರು ತಮ್ಮ ಎರಡು ಕೈಗಳನ್ನೂ ಮಡಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು, ಕಾಣುತ್ತಿತ್ತೋ ಇಲ್ಲವೋ.

“ಆ ಹುಡುಗನ ಹೆಸರೇನೇ? ಇವನು ಒಂದಿನಾನೂ ಬಾಯಲ್ಲಿ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ಪತ್ರದ ಕೊನೆಯಲ್ಲಿ ಸಹಿ ಇದ್ದ ಜಾಗದಲ್ಲಿ ತಾಯಿಯ ಹೆಸರಿರಲಿಲ್ಲ. ಅಲ್ಲಿದ್ದುದನ್ನೇ ಓದಿದೆ: “ಶ್ರೀಕಾಂತನ ತಾಯಿ.”

“ಶ್ರೀಕಾಂತ” ಎಂದರು ಸುಶೀಲಕ್ಕ. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ, ಸ್ಪಷ್ಟವಾಗಿ. ಆಮೇಲೆ ಬೆರಳು ಮಡಿಸುತ್ತಾ ಲೆಕ್ಕ ಹಾಕತೊಡಗಿದರು. “ಆಗ ಇಪ್ಪತ್ತೆರಡು ಅಂದ್ರೆ, ಈಗ ಎಷ್ಟಾಗ್ತಿತ್ತು ಅವನಿಗೆ?”

ನನಗೂ ಥಟ್ಟನೆ ಹೊಳೆಯಲಿಲ್ಲ. ನಾನೂ ಬೆರಳು ಮಡಿಸಿದೆ. ಎಪ್ಪತ್ತು ದಾಟುತ್ತಿತ್ತು.